ಬಡ್ಗಿ ಬಣ್ಣ ಗುರುತಿಸುವುದು ಹೇಗೆ: ಮೊದಲು ಮುಖ, ಆಮೇಲೆ ಮೈ, ರೆಕ್ಕೆ, ಕಡೆಗೆ ಕಣ್ಣು

ಪೆಟ್ ಶಾಪಿನಲ್ಲಿ ಬಡ್ಗಿ (ಬಡ್ಜರಿಗಾರ್, ಆಸ್ಟ್ರೇಲಿಯಾ ಮೂಲದ ಚಿಕ್ಕ ಸಾಕು ಗಿಣಿ) ಬಣ್ಣಕ್ಕೆ ಇರುವ ಹೆಸರು ನಾಲ್ಕೋ ಐದೋ ಅಷ್ಟೇ. ಹಸಿರು, ನೀಲಿ, ಲುಟಿನೊ, ಅಲ್ಬಿನೊ. ಇದ್ಯಾವುದೂ ಅಲ್ಲದೆ ಸ್ವಲ್ಪ ಚೆಂದ ಕಂಡರೆ ರೈನ್‌ಬೋ. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ಹೋಗಿ ಕೇಳಿ, ಇನ್ನೂ ಚಿಕ್ಕ ಊರಿನ ಅಂಗಡಿಯಲ್ಲಿ ಕೇಳಿ, ಪಂಜರದ ಮೇಲೆ 'ಲವ್ ಬರ್ಡ್ಸ್' ಎಂಬ ಒಂದೇ ಬೋರ್ಡು ಇರುತ್ತದೆ, ಒಳಗೆ ಹತ್ತು ಬಗೆ ಬಡ್ಗಿ ಕೂತಿರುತ್ತವೆ. ಇನ್ನೊಂದು ಕಡೆ ಬ್ರೀಡರ್‌ಗಳ ವಾಟ್ಸಾಪ್ ಗ್ರೂಪು. ಅಲ್ಲಿ ಒಂದೊಂದು ಹಕ್ಕಿಗೂ ರೈಲಿನಷ್ಟು ಉದ್ದದ ಹೆಸರು: 'ಓಪಲೈನ್ ಸಿನಮನ್ ಯೆಲ್ಲೋಫೇಸ್ ಕೋಬಾಲ್ಟ್'. ಹೊಸಬರಿಗೆ ಇದು ಮಂತ್ರ ಕೇಳಿದ ಹಾಗೆ ಆಗುತ್ತದೆ.

ನಿಜ ಹೇಳಬೇಕೆಂದರೆ ಇದು ಕಷ್ಟದ ವಿಷಯವೇ ಅಲ್ಲ. ನೂರು ಬಣ್ಣದ ಹೆಸರು ಬಾಯಿಪಾಠ ಮಾಡಲು ಹೊರಟರೆ ಮಾತ್ರ ಕಷ್ಟ. ಹಕ್ಕಿಯನ್ನು ಒಂದು ಕ್ರಮದಲ್ಲಿ ನೋಡುವುದನ್ನು ಕಲಿತರೆ ಹೆಸರು ತಾನೇ ಕೂಡಿಕೊಳ್ಳುತ್ತದೆ.

ಇರುವುದು ಎರಡೇ ಬಣ್ಣ

ಬಡ್ಗಿಯ ಗರಿಯಲ್ಲಿ ನಿಜವಾಗಿ ಇರುವ ಬಣ್ಣದ ವಸ್ತು ಎರಡು. ಒಂದು ಹಳದಿ. ಇದು ಗಿಣಿ ಜಾತಿಯ ಹಕ್ಕಿಗಳು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುವ ಹಳದಿ, ಕಾಳಿನಿಂದ, ಸೊಪ್ಪಿನಿಂದ ಬರುವುದಲ್ಲ. ಹಾಗಾಗಿ ಕ್ಯಾರೆಟ್ ತಿನ್ನಿಸಿದರೆ ಹಳದಿ ಜಾಸ್ತಿ ಆಗುತ್ತದೆ ಎನ್ನುವುದು ಸುಮ್ನೆ ಮಾತು. ಇನ್ನೊಂದು ಮೆಲನಿನ್, ಅಂದರೆ ನಮ್ಮ ಕೂದಲಿನಲ್ಲಿರುವ ಅದೇ ಕಪ್ಪು.

ಹಾಗಾದರೆ ನೀಲಿ? ಬಡ್ಗಿಯ ಮೈಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯ ಎಳೆಯೊಳಗೆ ಸ್ಪಂಜಿನಂಥ ಸೂಕ್ಷ್ಮ ರಚನೆ ಇದೆ. ಬಿದ್ದ ಬೆಳಕಿನಲ್ಲಿ ನೀಲಿಯನ್ನು ಅದು ಹೊರಗೆ ಚೆಲ್ಲುತ್ತದೆ, ಉಳಿದದ್ದನ್ನು ಅದರ ಹಿಂದಿರುವ ಮೆಲನಿನ್ ನುಂಗುತ್ತದೆ. ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ಪಂಜರದ ತಳದಲ್ಲಿ ಬಿದ್ದ ನೀಲಿ ಪುಕ್ಕ ಸಿಕ್ಕರೆ ಬೆಳಕಿಗೆ ಅಡ್ಡ ಹಿಡಿದು ನೋಡಿ, ನೀಲಿ ಮಾಯವಾಗಿ ಬೂದು ಬೂದಾಗಿ ಕಾಣುತ್ತದೆ.

ಈಗ ಲೆಕ್ಕ ಹಾಕಿ. ಆ ನೀಲಿಯ ಮೇಲೆ ಹಳದಿ ಕೂತರೆ ಹಸಿರು. ಆಸ್ಟ್ರೇಲಿಯಾದ ಕಾಡಿನಲ್ಲಿ ಗುಂಪು ಗುಂಪಾಗಿ ಹಾರುವ ಬಡ್ಗಿಗಳೆಲ್ಲ ಈ ಹಸಿರೇ, 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇಂಗ್ಲೆಂಡಿಗೆ ಜೀವಂತ ತಂದದ್ದೂ ಇದನ್ನೇ. ಹಳದಿ ಹೋದರೆ ಉಳಿಯುವುದು ನೀಲಿ. ಮೆಲನಿನ್ ಹೋದರೆ ನೀಲಿಯೂ ಹೋಗಿ ಬರೀ ಹಳದಿ ಉಳಿಯುತ್ತದೆ, ಅದೇ ಲುಟಿನೊ. ಎರಡೂ ಹೋದರೆ ಬಿಳಿ, ಅದೇ ಅಲ್ಬಿನೊ. ಇಷ್ಟು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು. ನೀಲಿ ಬಡ್ಗಿ ಯುರೋಪಿನಲ್ಲಿ ಕಾಣಿಸಿಕೊಂಡು ನೂರು ವರ್ಷಕ್ಕೂ ಜಾಸ್ತಿ ಆಗಿದ್ದರೂ, ಹಳದಿ ತಯಾರಿಸುವ ಜೀನ್ ಯಾವುದು, ಅದು ಎಲ್ಲಿ ಕೆಟ್ಟಿದೆ ಎಂದು ಗೊತ್ತಾದದ್ದು 2017ರಲ್ಲಿ. ಆ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಸಾಕು, ಹಸಿರು ಹಕ್ಕಿಯ ಮನೆಯಲ್ಲಿ ನೀಲಿ ಮರಿ.

ಮೊದಲು ಮುಖ

ಮೈ ನೋಡಬೇಡಿ, ಮುಖ ನೋಡಿ. ಮುಖ ಹಳದಿ ಇದ್ದರೆ ಹಸಿರು ವಂಶ, ಬಿಳಿ ಇದ್ದರೆ ನೀಲಿ ವಂಶ. ಮೈ ಎಷ್ಟೇ ಕಲಸುಮೇಲೋಗರ ಆಗಿದ್ದರೂ ಈ ಭಾಗ ಸುಲಭ. ಬೂದು ಬೆರೆತ ಹಸಿರು ಮೈ, ಹಳದಿ ಮುಖ ಇರುವ ಹಕ್ಕಿಯನ್ನು 'ಗ್ರೇ' ಎಂದು ಮಾರುತ್ತಿದ್ದರೆ ಅದು ಗ್ರೇ ಅಲ್ಲ, ಹೆಚ್ಚಿನ ಸಲ ಗ್ರೇ ಗ್ರೀನ್ ಆಗಿರುತ್ತದೆ.

ಇದಕ್ಕೆ ಒಂದು ತಕರಾರು ಇದೆ, ಅದರ ಹೆಸರು ಯೆಲ್ಲೋಫೇಸ್. ನೀಲಿ ಹಕ್ಕಿ, ಆದರೆ ಮುಖ ಹಳದಿ. ಹಳದಿ ಪೂರ್ತಿ ಹೋಗದೆ ಅರೆಬರೆ ಉಳಿದ ಹಕ್ಕಿ ಇದು. ಟೈಪ್ 1 ಎಂದು ಕರೆಯುವುದರಲ್ಲಿ ಹಳದಿ ಮುಖಕ್ಕೆ, ಸ್ವಲ್ಪ ಬಾಲದ ಗರಿಗೆ ನಿಲ್ಲುತ್ತದೆ, ಮೈ ನೀಲಿಯಾಗಿಯೇ ಇರುತ್ತದೆ. ಟೈಪ್ 2ರಲ್ಲಿ ಮರಿಯಾಗಿದ್ದಾಗ ಹಳದಿ ಮುಖದಲ್ಲೇ ಇರುತ್ತದೆ, ಮೊದಲ ಸಲ ಗರಿ ಉದುರಿಸಿಕೊಂಡ ಮೇಲೆ ಎದೆಗೆ, ಹೊಟ್ಟೆಗೆ ಇಳಿದು ಮೈಯೆಲ್ಲ ಸಮುದ್ರದ ಹಸಿರು ಬಂದುಬಿಡುತ್ತದೆ. 'ನೀಲಿ ಮರಿ ತಂದಿದ್ದೆ, ಈಗ ಹಸಿರಾಗ್ತಾ ಇದೆ, ಕಾಯಿಲೆ ಬಂತಾ' ಎಂದು ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಕಾಯಿಲೆ ಏನಿಲ್ಲ, ಹಕ್ಕಿ ಆರಾಮಾಗಿದೆ. ಟೈಪ್ 1ರದ್ದು ಇನ್ನೂ ತಮಾಷೆ: ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಜೀನ್ ಬಂದರೆ ಮುಖದ ಹಳದಿಯೇ ಕಾಣುವುದಿಲ್ಲ, ನೋಡಿದವರು ಮಾಮೂಲಿ ಬಿಳಿ ಮುಖದ ನೀಲಿ ಹಕ್ಕಿ ಎಂದುಕೊಳ್ಳುತ್ತಾರೆ. ಅದನ್ನು ಮಾಮೂಲಿ ಬಿಳಿ ಮುಖದ ನೀಲಿ ಹಕ್ಕಿಯ ಜೊತೆ ಹಾಕಿದಾಗ ಗೂಡಿನ ತುಂಬ ಹಳದಿ ಮುಖದ ಮರಿಗಳು!

ಆಮೇಲೆ ಮೈ ಎಷ್ಟು ಗಾಢ

ಮುಖ ಮುಗಿಯಿತು. ಈಗ ಎದೆಯ ಬಣ್ಣ. ಇಲ್ಲಿ ಕೆಲಸ ಮಾಡುವುದು ಡಾರ್ಕ್ ಫ್ಯಾಕ್ಟರ್, ಅಂದರೆ ಮೈಬಣ್ಣವನ್ನು ಗಾಢ ಮಾಡುವ ಜೀನ್. 1915ರಲ್ಲಿ ಫ್ರಾನ್ಸಿನಲ್ಲಿ ಮೊದಲು ಕಂಡದ್ದು, ಈಗ ಎಲ್ಲ ಕಡೆ ಇದೆ. ಹಕ್ಕಿಯಲ್ಲಿ ಇದು ಸೊನ್ನೆ ಇರಬಹುದು, ಒಂದಿರಬಹುದು, ಎರಡಿರಬಹುದು. ಹಸಿರು ವಂಶದಲ್ಲಿ ಸೊನ್ನೆ ಇದ್ದರೆ ಲೈಟ್ ಗ್ರೀನ್, ಒಂದಿದ್ದರೆ ಡಾರ್ಕ್ ಗ್ರೀನ್, ಎರಡಿದ್ದರೆ ಆಲಿವ್. ನೀಲಿ ವಂಶದಲ್ಲಿ ಅದೇ ಕ್ರಮಕ್ಕೆ ಸ್ಕೈ ಬ್ಲೂ, ಕೋಬಾಲ್ಟ್, ಮಾವ್. ಮಾವ್ ಅಂದರೆ ಮಂಕಾದ ನೇರಳೆ ಬೂದು, ಬಹಳ ಜನಕ್ಕೆ ಇಷ್ಟ ಆಗುವುದಿಲ್ಲ, ಅಂಗಡಿಯಲ್ಲಿ ಮೂಲೆಗೆ ಬಿದ್ದಿರುತ್ತದೆ. ನನಗೆ ಇಷ್ಟ.

ಇದರ ಲೆಕ್ಕ ನೇರ. ಸ್ಕೈ ಬ್ಲೂಗೆ ಮಾವ್ ಜೋಡಿ ಹಾಕಿದರೆ ಮರಿಗಳೆಲ್ಲ ಕೋಬಾಲ್ಟ್. ಆದರೆ ಕೋಬಾಲ್ಟಿಗೆ ಕೋಬಾಲ್ಟನ್ನೇ ಹಾಕಿದರೆ ಸರಾಸರಿ ಅರ್ಧ ಮಾತ್ರ ಕೋಬಾಲ್ಟ್, ಕಾಲು ಭಾಗ ಸ್ಕೈ ಬ್ಲೂ, ಕಾಲು ಭಾಗ ಮಾವ್. ಕೋಬಾಲ್ಟೇ ಬೇಕು ಅನ್ನುವವರಿಗೆ ಆ ಮೂಲೆಯ ಮಾವ್ ಹಕ್ಕಿ ಬೆಲೆಬಾಳುವುದು ಇದಕ್ಕೇ.

ಇದರ ಜೊತೆ ಗ್ರೇ ಎಂಬ ಇನ್ನೊಂದು ಜೀನ್ ಇದೆ. ನೀಲಿ ಹಕ್ಕಿಯ ಮೇಲೆ ಬಂದರೆ ಬೂದು, ಹಸಿರಿನ ಮೇಲೆ ಬಂದರೆ ಗ್ರೇ ಗ್ರೀನ್, ಸಾಸಿವೆ ಬೆರೆತ ಹಸಿರು. ಗ್ರೇಗೂ ಮಾವ್‌ಗೂ, ಗ್ರೇ ಗ್ರೀನ್‌ಗೂ ಆಲಿವ್‌ಗೂ ಹಳಬರೂ ಎಡವುತ್ತಾರೆ. ಎದೆ ನೋಡಿ ತೀರ್ಮಾನ ಮಾಡಬೇಡಿ, ಕೆನ್ನೆ ನೋಡಿ. ಗಂಟಲಿನ ಕಪ್ಪು ಚುಕ್ಕೆಗಳ ಎರಡೂ ಬದಿಗೆ ಕೆನ್ನೆಯ ಮಚ್ಚೆ ಇರುತ್ತದಲ್ಲ, ಅದು ನೇರಳೆ ಇದ್ದು ಬಾಲ ಕಡುನೀಲಿ ಇದ್ದರೆ ಮಾವ್ ಅಥವಾ ಆಲಿವ್. ಕೆನ್ನೆ ಬೂದು, ಬಾಲ ಕಪ್ಪು ಇದ್ದರೆ ಗ್ರೇ ಅಥವಾ ಗ್ರೇ ಗ್ರೀನ್. ಈ ಎರಡು ಗುರುತು ಸಾಕು.

ಇನ್ನು ವಯಲೆಟ್. ಎಲ್ಲರಿಗೂ ಬೇಕಾದ ಹಕ್ಕಿ, ಹಾಗಾಗಿ ಮೋಸವೂ ಇಲ್ಲೇ ಜಾಸ್ತಿ. ವಯಲೆಟ್ ಒಂದು ಜೀನ್, ಅದು ಒಂದು ಬಂದರೂ ಕೆಲಸ ಮಾಡುತ್ತದೆ. ಆದರೆ ಕಣ್ಣಿಗೆ ಹೊಡೆಯುವ ಆ ನೇರಳೆ ಕಾಣಬೇಕಾದರೆ ಸಾಮಾನ್ಯವಾಗಿ ಹಕ್ಕಿ ನೀಲಿ ವಂಶದ್ದಾಗಿರಬೇಕು, ಡಾರ್ಕ್ ಫ್ಯಾಕ್ಟರ್ ಒಂದಿರಬೇಕು, ಅದರ ಮೇಲೆ ವಯಲೆಟ್ ಇರಬೇಕು. ಸ್ಕೈ ಬ್ಲೂ ಮೇಲೆ ಒಂದು ವಯಲೆಟ್ ಕೂತರೆ ಕೋಬಾಲ್ಟ್ ಥರವೇ ಕಾಣುತ್ತದೆ. ಹಸಿರಿನ ಮೇಲೆ ಕೂತರೆ ಬರೀ ಗಾಢ ಹಸಿರು. ಹೀಗಾಗಿ ಫೋನಿನಲ್ಲಿ ಕಳಿಸಿದ ಫೋಟೊ ನೋಡಿ ವಯಲೆಟ್‌ಗೆ ಅಡ್ವಾನ್ಸ್ ಕೊಡಬೇಡಿ. ಫೋನ್ ಕ್ಯಾಮೆರಾಗಳು ಕೋಬಾಲ್ಟನ್ನು ನೇರಳೆ ಮಾಡುತ್ತವೆ, ನಿಜವಾದ ವಯಲೆಟ್ಟನ್ನು ನೀಲಿ ಮಾಡುತ್ತವೆ. ಬೆಳಗಿನ ಹೊತ್ತು ಕಿಟಕಿ ಬೆಳಕಿನಲ್ಲಿ ನಿಮ್ಮ ಕಣ್ಣಿನಿಂದಲೇ ನೋಡಿ.

ರೆಕ್ಕೆಯಲ್ಲಿ ಇರುವುದೇ ಜಾಸ್ತಿ ಕತೆ

ಮಾಮೂಲಿ ಬಡ್ಗಿಯ ರೆಕ್ಕೆಯ ಗರಿ ಕಪ್ಪು, ಅಂಚು ಹಳದಿ ಅಥವಾ ಬಿಳಿ. ತಲೆಯ ಹಿಂದಿನಿಂದ ಕತ್ತಿನವರೆಗೆ ಕಪ್ಪು ಗೆರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ನಿಮ್ಮ ಹಕ್ಕಿಯಲ್ಲಿ ಇದು ಎಲ್ಲಿ ಬದಲಾಗಿದೆ ಎಂದು ಹುಡುಕಿ.

ಕಪ್ಪು ಇರಬೇಕಾದ ಕಡೆ ಕಂದು ಇದ್ದು, ಮೈಬಣ್ಣವೂ ತೊಳೆದ ಹಾಗೆ ತೆಳುವಾಗಿದ್ದರೆ ಸಿನಮನ್. ತಲೆಯ ಗೆರೆಗಳು ಮಸುಕಾಗಿ, ಎರಡು ರೆಕ್ಕೆಗಳ ನಡುವೆ ಬೆನ್ನಿನ ಮೇಲೆ ಗೆರೆಯೇ ಇಲ್ಲದ ಮೈಬಣ್ಣದ ಜಾಗ ಇದ್ದು, ರೆಕ್ಕೆಯ ಗರಿಗೂ ಮೈಬಣ್ಣ ಹತ್ತಿದ್ದರೆ ಓಪಲೈನ್. ಓಪಲೈನ್ ನಮ್ಮ ಅಂಗಡಿಗಳಲ್ಲಿ ಎಷ್ಟು ಸಾಮಾನ್ಯ ಎಂದರೆ ಹೊಸಬರು ಅದನ್ನೇ ಮಾಮೂಲಿ ಎಂದುಕೊಂಡಿರುತ್ತಾರೆ.

ಸ್ಪ್ಯಾಂಗಲ್ ಎಂದರೆ ಮಾಮೂಲಿ ರೆಕ್ಕೆಯ ಉಲ್ಟಾ. ಗರಿ ತಿಳಿಯಾಗಿ, ಅಂಚಿಗೆ ಮಾತ್ರ ತೆಳ್ಳಗೆ ಕಪ್ಪು ಗೀಟು. ಗಂಟಲಿನ ಚುಕ್ಕೆಗಳೂ ನಡುವೆ ತಿಳಿಯಾಗಿ ಉಂಗುರದ ಹಾಗೆ ಕಾಣುತ್ತವೆ. ಇದು 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಬಗೆ, ಬಣ್ಣಗಳ ಲೆಕ್ಕದಲ್ಲಿ ಇದು ಇತ್ತೀಚಿನದು.

ಇನ್ನೊಂದು ಗುಂಪಿನಲ್ಲಿ ಮೂರಿವೆ: ಗ್ರೇವಿಂಗ್, ಕ್ಲಿಯರ್‌ವಿಂಗ್, ಡೈಲ್ಯೂಟ್. ಗ್ರೇವಿಂಗ್‌ನಲ್ಲಿ ಗೆರೆಗಳು ತಿಳಿ ಬೂದು, ಮೈಯೂ ಅರ್ಧ ಬಣ್ಣ. ಕ್ಲಿಯರ್‌ವಿಂಗ್‌ನಲ್ಲಿ ರೆಕ್ಕೆ ಹೆಚ್ಚುಕಡಿಮೆ ಖಾಲಿ, ಮೈ ಮಾತ್ರ ಗಾಢ. ಡೈಲ್ಯೂಟ್‌ನಲ್ಲಿ ಎರಡೂ ತೆಳು. ಇವು ಮೂರೂ ಒಂದೇ ಜೀನ್‌ನ ಬೇರೆ ಬೇರೆ ರೂಪಗಳು, ಒಂದು ಹಕ್ಕಿಯಲ್ಲಿ ಎರಡಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ.

ಕ್ಲಿಯರ್‌ವಿಂಗ್ ಗೊತ್ತಾದರೆ ರೈನ್‌ಬೋ ಯಾವುದು ಎಂದೂ ಗೊತ್ತಾಗುತ್ತದೆ. ಯೆಲ್ಲೋಫೇಸ್ ಆದ ನೀಲಿ ಹಕ್ಕಿ, ಜೊತೆಗೆ ಓಪಲೈನ್, ಜೊತೆಗೆ ಕ್ಲಿಯರ್‌ವಿಂಗ್, ಈ ಎಲ್ಲವೂ ಒಂದೇ ಹಕ್ಕಿಯಲ್ಲಿ ಸೇರಿದರೆ ಅದು ರೈನ್‌ಬೋ. ಮುಖ ಹಳದಿ, ಎದೆ ನೀಲಿ, ಹೊಟ್ಟೆ ಸಮುದ್ರ ಹಸಿರು, ರೆಕ್ಕೆಯಲ್ಲಿ ಗೆರೆ ಇರದೆ ಬಣ್ಣದ ಛಾಯೆ. ಅಂಗಡಿಯವರು ತೋರಿಸುವ 'ರೈನ್‌ಬೋ'ನ ರೆಕ್ಕೆಯಲ್ಲಿ ಕಪ್ಪು ಗೆರೆಗಳು ಗಟ್ಟಿಯಾಗಿ ಕಂಡರೆ ಅದು ಬರೀ ಯೆಲ್ಲೋಫೇಸ್ ಓಪಲೈನ್. ಚೆಂದದ ಹಕ್ಕಿಯೇ, ಆದರೆ ರೈನ್‌ಬೋ ದುಡ್ಡು ಕೊಡಬೇಕಾಗಿಲ್ಲ.

ಪೈಡ್ ಅಂದರೆ ಮಚ್ಚೆ ಹಕ್ಕಿ. ಡಾಮಿನೆಂಟ್ ಪೈಡ್‌ಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲೆ ಬೆಲ್ಟ್ ಕಟ್ಟಿದ ಹಾಗೆ ತಿಳಿ ಪಟ್ಟೆ, ತಲೆಯ ಹಿಂದೆ ಒಂದು ಮಚ್ಚೆ. ರಿಸೆಸಿವ್ ಪೈಡ್‌ನಲ್ಲಿ ಹಳದಿ ಅಥವಾ ಬಿಳಿಯೇ ಜಾಸ್ತಿ, ಗೆರೆ ಅಲ್ಲಲ್ಲಿ ಚೆಲ್ಲಿದ ಹಾಗೆ, ಹೊಟ್ಟೆಯ ಕೆಳಗೆ ಹೊಳೆಯುವ ಬಣ್ಣ. ಅನುಮಾನ ಬಂದರೆ ಕಣ್ಣು ನೋಡಿ. ಬೆಳೆದು ದೊಡ್ಡದಾದ ಡಾಮಿನೆಂಟ್ ಪೈಡ್‌ನ ಕಣ್ಣಿನಲ್ಲಿ ಬಿಳಿ ಉಂಗುರ ಇರುತ್ತದೆ, ರಿಸೆಸಿವ್‌ನ ಕಣ್ಣು ಎಷ್ಟು ವಯಸ್ಸಾದರೂ ಮೆಣಸಿನ ಕಾಳಿನಷ್ಟು ಕಪ್ಪು.

ಟಿಸಿಬಿ ಎಂದು ಗ್ರೂಪುಗಳಲ್ಲಿ ಓಡಾಡುವ ಹೆಸರು ಟೆಕ್ಸಾಸ್ ಕ್ಲಿಯರ್‌ಬಾಡಿ. ಮೈ ತಿಳಿ, ರೆಕ್ಕೆಯ ಗೆರೆ ಕಪ್ಪು. ಹಗೊರೊಮೊ ಎನ್ನುವುದು ಬಣ್ಣವೇ ಅಲ್ಲ. ಬೆನ್ನಿನ ಮೇಲೆ ಹೂವಿನ ಹಾಗೆ ಸುರುಳಿ ಗರಿ ಏಳುವ ಬಗೆ, ಅದು ಯಾವ ಬಣ್ಣದಲ್ಲಾದರೂ ಬರಬಹುದು.

ಬರೀ ಬಿಳಿ, ಬರೀ ಹಳದಿ: ಇಲ್ಲಿ ಕಣ್ಣು ನೋಡಲೇಬೇಕು

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವ ಜಾಗ ಇದು. ಗೆರೆಯಿಲ್ಲದ ಬಿಳಿ ಹಕ್ಕಿ ಎಲ್ಲವೂ ಅಲ್ಬಿನೊ ಅಲ್ಲ. ಕಡಿಮೆ ಅಂದರೂ ಮೂರು ಬೇರೆ ಬೇರೆ ದಾರಿಯಲ್ಲಿ ಬಡ್ಗಿ ಪೂರ್ತಿ ಬಿಳಿ ಅಥವಾ ಪೂರ್ತಿ ಹಳದಿ ಆಗಬಹುದು.

ಕಣ್ಣು ಕೆಂಪು, ಕಾಲು ಗುಲಾಬಿ ಇದ್ದರೆ ಅದು ಐನೊ. ಹಳದಿಯಾದರೆ ಲುಟಿನೊ, ಬಿಳಿಯಾದರೆ ಅಲ್ಬಿನೊ. ನಮ್ಮ ಕಡೆ 'ರೆಡ್ ಐ' ಎಂದು ಹೇಳಿ ಮಾರುವುದು ಇದನ್ನೇ. ಕಣ್ಣು ದೂರದಿಂದ ಕಪ್ಪಾಗಿಯೇ ಕಾಣಬಹುದು, ಬದಿಯಿಂದ ಬೆಳಕು ಬಿದ್ದಾಗ ಕೆಂಪು ಹೊಳೆಯುತ್ತದೆ. ಕಣ್ಣು ಕಪ್ಪಿದ್ದು, ದೊಡ್ಡದಾದ ಹಕ್ಕಿಗೆ ಬಿಳಿ ಉಂಗುರ ಇದ್ದರೆ ಅದು ಡಬಲ್ ಫ್ಯಾಕ್ಟರ್ ಸ್ಪ್ಯಾಂಗಲ್, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಸ್ಪ್ಯಾಂಗಲ್ ಬಂದದ್ದು. ಒಂದು ಬಂದರೆ ಅಂಚು ಗೀಟು, ಎರಡು ಬಂದರೆ ಗೀಟೂ ಇಲ್ಲ. ಕಣ್ಣು ಕಪ್ಪಿದ್ದು ಉಂಗುರವೇ ಇಲ್ಲದಿದ್ದರೆ ಡಾರ್ಕ್ ಐಡ್ ಕ್ಲಿಯರ್, ಅದು ರಿಸೆಸಿವ್ ಪೈಡ್ ಜೊತೆಗೆ ಇನ್ನೊಂದು ಪೈಡ್ ಸೇರಿ ಆಗುವುದು.

ಇವನ್ನು ಬೇರೆ ಮಾಡಿ ತಿಳಿಯುವುದು ಬರೀ ಹೆಸರಿಗಾಗಿ ಅಲ್ಲ. ಗಂಡು ಹೆಣ್ಣು ಗುರುತಿಸುವುದೂ ಇದರ ಮೇಲೇ ನಿಂತಿದೆ. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆ ಇರುವ ಭಾಗ ನೀಲಿ ಇದ್ದರೆ ಗಂಡು, ಕಂದು ಅಥವಾ ಬಿಳಿಚಿದ್ದರೆ ಹೆಣ್ಣು ಎಂದು ಎಲ್ಲರೂ ಹೇಳುತ್ತಾರೆ ಅಲ್ವಾ? ಅಲ್ಬಿನೊ, ಲುಟಿನೊ, ರಿಸೆಸಿವ್ ಪೈಡ್, ಡಾರ್ಕ್ ಐಡ್ ಕ್ಲಿಯರ್ ಗಂಡುಗಳಲ್ಲಿ ಅದು ನೀಲಿ ಆಗುವುದೇ ಇಲ್ಲ. ಜೀವನಪೂರ್ತಿ ಗುಲಾಬಿ ಅಥವಾ ತಿಳಿ ನೇರಳೆ. ಡಬಲ್ ಫ್ಯಾಕ್ಟರ್ ಸ್ಪ್ಯಾಂಗಲ್ ಗಂಡಿನದ್ದು ಮಾತ್ರ ಮಾಮೂಲಿ ನೀಲಿ. ನೀಲಿ ಮೂಗಿಗೆ ಕಾದು ಕಾದು, ಎರಡೂ ಹೆಣ್ಣೇ ಎಂದುಕೊಂಡಿದ್ದ ಅಲ್ಬಿನೊ ಜೋಡಿ ಒಂದಿನ ಮರಿ ಮಾಡಿ ತೋರಿಸುವುದು ಹೀಗೆ.

ವಯಸ್ಸು ಗುರುತಿಸುವುದೂ ಅಷ್ಟೇ. ಮಾಮೂಲಿ ಮರಿಗೆ ಹಣೆಯ ಮೇಲೆ ಕೊಕ್ಕಿನವರೆಗೂ ಗೆರೆ ಇರುತ್ತದೆ, ಮೂರು ನಾಲ್ಕು ತಿಂಗಳಿಗೆ ಮೊದಲ ಗರಿ ಉದುರಿ ಹಣೆ ಬೋಳಾಗಿ ತಿಳಿಯಾಗುತ್ತದೆ. ಐನೊದಲ್ಲಿ ಗೆರೆಯೇ ಇಲ್ಲ, ಹಾಗಾಗಿ 'ಎರಡು ತಿಂಗಳ ಮರಿ' ಎಂದು ಕೊಟ್ಟ ಅಲ್ಬಿನೊ ಎರಡು ವರ್ಷದ್ದಿದ್ದರೂ ಗೆರೆ ನೋಡಿ ಹೇಳಲಾಗುವುದಿಲ್ಲ.

ಇಷ್ಟಾದ ಮೇಲೂ ಯಾರಾದರೂ ಗುಲಾಬಿ ಬಡ್ಗಿ, ಕೆಂಪು ಬಡ್ಗಿ ಇದೆ ಎಂದರೆ ನಗಿ, ಕೊಳ್ಳಬೇಡಿ. ಬಡ್ಗಿಯಲ್ಲಿ ಕೆಂಪು ಬಣ್ಣದ ವಸ್ತುವೇ ಇಲ್ಲ, ಬಂದರೆ ಅದು ಡೈ. ಮುನಿಯಾ ಹಕ್ಕಿಗಳಿಗೆ ಬಣ್ಣ ಹಚ್ಚಿ ಸಂತೆಯಲ್ಲಿ ಮಾರುವ ಜನ ಬಿಳಿ ಬಡ್ಗಿಗೂ ಅದೇ ಮಾಡುತ್ತಾರೆ. ಅಂದ ಹಾಗೆ ಮುನಿಯಾ, ನಮ್ಮ ಊರಿನ ಹಸಿರು ಗಿಣಿ ಇವೆಲ್ಲ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತವೆ, ಮನೆಯಲ್ಲಿ ಸಾಕುವ ಹಾಗಿಲ್ಲ. ಬಡ್ಗಿ ಹೊರದೇಶದ್ದು, ಆ ತೊಂದರೆ ಇಲ್ಲ.

ಮರಿ ಮಾಡಿಸುವವರಿಗೆ

ಬಣ್ಣಗಳು ಮುಂದಕ್ಕೆ ಹೋಗುವ ದಾರಿ ಮೂರು. ಗ್ರೇ, ವಯಲೆಟ್, ಸ್ಪ್ಯಾಂಗಲ್, ಡಾಮಿನೆಂಟ್ ಪೈಡ್ ಇಂಥವು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಮರಿಯಲ್ಲಿ ಕಾಣುತ್ತವೆ. ಇಂಥವನ್ನು ಹಕ್ಕಿ ಗುಟ್ಟಾಗಿ ಹೊತ್ತು ತಿರುಗುವುದಿಲ್ಲ (ಹಸಿರಿನ ಮೇಲಿನ ವಯಲೆಟ್ ಥರದ್ದು ಕಣ್ಣಿಗೆ ಸಿಗದೆ ತಪ್ಪಿಸಿಕೊಳ್ಳಬಹುದು, ಐನೊ ಹಕ್ಕಿಯ ಒಳಗಂತೂ ಯಾವುದು ಬೇಕಾದರೂ ಮುಚ್ಚಿಹೋಗಿರಬಹುದು, ಅದು ಬೇರೆ).

ನೀಲಿ, ರಿಸೆಸಿವ್ ಪೈಡ್, ಡೈಲ್ಯೂಟ್ ಹಾಗಲ್ಲ. ಇಬ್ಬರಿಂದಲೂ ಬರಬೇಕು. ಒಬ್ಬರಿಂದ ಮಾತ್ರ ಬಂದರೆ ಹಕ್ಕಿ ಒಳಗೇ ಇಟ್ಟುಕೊಂಡಿರುತ್ತದೆ, ಅದನ್ನೇ ಸ್ಪ್ಲಿಟ್ ಎನ್ನುವುದು. ಎರಡು ಹಸಿರು ಹಕ್ಕಿಗಳು ನೀಲಿ ಮರಿ ಮಾಡಿದರೆ ಎರಡೂ ನೀಲಿಗೆ ಸ್ಪ್ಲಿಟ್ ಎಂದರ್ಥ. ಎರಡು ನೀಲಿ ಹಕ್ಕಿಗಳು ಮಾತ್ರ ಮಾಮೂಲಿ ಹಸಿರು ಮರಿ ಮಾಡುವುದಿಲ್ಲ, ಮಾಡಿದವು ಎಂದು ಯಾರಾದರೂ ಹೇಳಿದರೆ ಒಂದೋ ಅದರಲ್ಲಿ ಯೆಲ್ಲೋಫೇಸ್ ಇದೆ, ಇಲ್ಲವೇ ಹಲವು ಜೋಡಿ ಒಟ್ಟಿಗಿರುವ ಕಾಲನಿ ಪಂಜರದಲ್ಲಿ ಬೇರೆ ಗಂಡು ಬಂದು ಹೋಗಿದೆ.

ಮೂರನೆಯ ದಾರಿ ಲಿಂಗದ ಜೊತೆ ಹೋಗುವುದು. ಐನೊ, ಸಿನಮನ್, ಓಪಲೈನ್, ಟಿಸಿಬಿ ಈ ಗುಂಪಿನವು. ಹಕ್ಕಿಗಳಲ್ಲಿ ಗಂಡಿಗೆ ಎರಡು ಜ಼ೆಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದೇ. ಈ ಬಣ್ಣಗಳೆಲ್ಲ ಆ ಜ಼ೆಡ್ ಮೇಲಿವೆ. ಹಾಗಾಗಿ ಹೆಣ್ಣು ಇವಕ್ಕೆ ಸ್ಪ್ಲಿಟ್ ಆಗಲು ಸಾಧ್ಯವೇ ಇಲ್ಲ. ಇದ್ದರೆ ಕಾಣುತ್ತದೆ, ಕಾಣದಿದ್ದರೆ ಇಲ್ಲ. 'ಈ ಹಸಿರು ಹೆಣ್ಣು ಲುಟಿನೊಗೆ ಸ್ಪ್ಲಿಟ್, ಸಾರ್' ಎಂದು ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಎದ್ದು ಬನ್ನಿ.

ಇದರಿಂದ ಒಂದು ಲಾಭ ಇದೆ. ಲುಟಿನೊ ಗಂಡಿಗೆ ಐನೊ ಅಲ್ಲದ ಹಸಿರು ಹೆಣ್ಣು ಜೋಡಿ ಮಾಡಿ. ಹೆಣ್ಣು ಮರಿಗಳೆಲ್ಲ ಅಪ್ಪನ ಹಾಗೆ ಕೆಂಪು ಕಣ್ಣಿನವು, ಗಂಡು ಮರಿಗಳೆಲ್ಲ ಕಪ್ಪು ಕಣ್ಣಿನ ಮಾಮೂಲಿ ಬಣ್ಣದವು, ಒಳಗೆ ಐನೊ ಸ್ಪ್ಲಿಟ್. ಗೂಡಿನಲ್ಲೇ ಗಂಡು ಹೆಣ್ಣು ಗೊತ್ತಾಗಿ ಹೋಗುತ್ತದೆ. ಉಲ್ಟಾ ಮಾಡಿ, ಹಸಿರು ಗಂಡು, ಲುಟಿನೊ ಹೆಣ್ಣು ಹಾಕಿದರೆ ಒಂದೂ ಲುಟಿನೊ ಬರುವುದಿಲ್ಲ (ಗಂಡು ಸ್ಪ್ಲಿಟ್ ಆಗಿದ್ದರೆ ಬೇರೆ ಮಾತು). ಲುಟಿನೊ ಹೆಣ್ಣು ತಂದು ವರ್ಷಗಟ್ಟಲೆ ಲುಟಿನೊ ಮರಿಗೆ ಕಾಯುವವರು ಗಂಡನ್ನು ಬದಲಾಯಿಸಬೇಕು, ಹೆಣ್ಣಿನದ್ದೇನೂ ತಪ್ಪಿಲ್ಲ.

ಮರಿ ಮೊಟ್ಟೆಯಿಂದ ಹೊರಬಂದ ಮೊದಲ ದಿನಗಳಲ್ಲಿ ಮುಚ್ಚಿದ ರೆಪ್ಪೆಯೊಳಗಿಂದಲೇ ಕಣ್ಣಿನ ಬಣ್ಣ ಕಾಣುತ್ತದೆ. ಕಪ್ಪು ಕಂಡರೆ ಮಾಮೂಲಿ, ಗುಲಾಬಿ ಕಂಡರೆ ಐನೊ, ನೇರಳೆ ಹಣ್ಣಿನ ಬಣ್ಣ ಕಂಡರೆ ಸಿನಮನ್. ಸಿನಮನ್‌ದು ಕೆಲವೇ ದಿನದಲ್ಲಿ ಕಪ್ಪಾಗಿ ಮಾಮೂಲಿಯ ಹಾಗೆ ಆಗಿಬಿಡುತ್ತದೆ, ಆಗ ಬರೆದಿಡದಿದ್ದರೆ ರೆಕ್ಕೆ ಬರುವವರೆಗೆ ಕಾಯಬೇಕು. ಕಾಲಿಗೆ ಮುಚ್ಚಿದ ರಿಂಗ್ (ಬಿಚ್ಚಲಾಗದ, ನಂಬರ್ ಇರುವ ಗುರುತಿನ ಬಳೆ) ಹಾಕುವುದಿದ್ದರೆ ಐದರಿಂದ ಹತ್ತು ದಿನದೊಳಗೆ ಹಾಕಬೇಕು, ಆಮೇಲೆ ಪಾದ ದಪ್ಪವಾಗಿ ರಿಂಗ್ ತೂರುವುದಿಲ್ಲ. ರಿಂಗ್ ನಂಬರ್, ಅಪ್ಪ, ಅಮ್ಮ, ಮೊದಲ ದಿನದ ಕಣ್ಣಿನ ಬಣ್ಣ, ಇಷ್ಟು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸ್ಪ್ಲಿಟ್ ಯಾವುದು ಎಂದು ಹಕ್ಕಿಯನ್ನು ಎಷ್ಟು ಹೊತ್ತು ನೋಡಿದರೂ ತಿಳಿಯುವುದಿಲ್ಲ, ಅದು ಆ ಪುಟದಲ್ಲಿ ಮಾತ್ರ ಸಿಗುತ್ತದೆ.